ಖಾನಾಪುರದ ಕಂಪ್ಯೂಟರಿಗೆ ಕರೆಂಟಿನ ಡಬ್ಬಿ

ಖಾನಾಪುರದ ನಮ್ಮ ಟೈಪಿಂಗ್ ಕ್ಲಾಸಿಗೆ ಬಂದ ಮೊದಲ ಕಂಪ್ಯೂಟರನ್ನು ಸುಟ್ಟವಳು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಎಂಟು ದಿನ ಯಾರಿಗೂ ಹೇಳದೆ ಹೊಟ್ಟೆಯಲ್ಲಿಟ್ಟುಕೊಂಡು ಪಟ್ಟ ಪಾಡು ಸಾಕಾಗಿದೆ.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನನಗೆ ಇಪ್ಪತ್ನಾಲ್ಕು ವರ್ಷ. ನಮ್ಮ ಮನೆ ಬೆಳಗಾವಿಯ ಶಿವಬಸವ ನಗರದಲ್ಲಿ. ಇಂಗ್ಲಿಷ್ ಮತ್ತು ಕನ್ನಡ ಎರಡರಲ್ಲೂ ಸೀನಿಯರ್ ಟೈಪಿಂಗ್ ಪಾಸಾಗಿ, ಖಾನಾಪುರದ ಕ್ಲಾಸೊಂದರಲ್ಲಿ ಕಲಿಸುವ ಕೆಲಸ ಹಿಡಿದಿದ್ದೆ. ಬೆಳಿಗ್ಗೆ ಖಾನಾಪುರದಿಂದ ಬೆಳಗಾವಿಗೆ ಬರುವ ಬಸ್ಸುಗಳಲ್ಲಿ ಜನ ಬಾಗಿಲಿಗೆ ಜೋತುಬಿದ್ದಿರುತ್ತಿದ್ದರು. ನಾನು ಮಾತ್ರ ಖಾಲಿ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಎದುರು ದಿಕ್ಕಿಗೆ ಹೋಗುತ್ತಿದ್ದೆ. "ಊರ ಮಂದಿಯೆಲ್ಲಾ ನೌಕರಿಗೆ ಈ ಕಡೆ ಬರ್ತಾರ, ನೀ ಒಬ್ಬಾಕಿ ಉಲ್ಟಾ ಹೊಂಟಿ ನೋಡು" ಎಂದು ಅವ್ವ ದಿನಾ ಡಬ್ಬಿ ಕಟ್ಟುವಾಗ ಅನ್ನುತ್ತಿದ್ದಳು.

ಕ್ಲಾಸು ನಡೆಸುತ್ತಿದ್ದವರು ಕೋರ್ಟಿನಲ್ಲಿ ಸ್ಟೆನೋಗ್ರಾಫರ್ ಆಗಿ ನಿವೃತ್ತರಾದವರು. ಮನೆಮಾತು ಮರಾಠಿ, ನಮ್ಮ ಜೊತೆ ಕನ್ನಡ, ಸಿಟ್ಟು ಬಂದರೆ ಇಂಗ್ಲಿಷ್. ಎಲ್ಲರೂ ಅವರನ್ನು ಸರ್ ಎನ್ನುತ್ತಿದ್ದರು. ಅವರು ನನ್ನನ್ನು, ನಾನು ಅವರ ಮಗಳಿಗಿಂತ ಚಿಕ್ಕವಳಾಗಿದ್ದರೂ, "ಅಕ್ಕಾರ" ಎಂದು ಮರ್ಯಾದೆಯಿಂದ ಕರೆಯುತ್ತಿದ್ದರು. ಸ್ಟೇಶನ್ ರಸ್ತೆಯ ಕಡೆಗಿನ ಒಂದು ಓಣಿಯಲ್ಲಿ ಅವರ ಮನೆ. ಅದರ ಮುಂದಿನ ಪಡಸಾಲೆಯಲ್ಲಿ ಹನ್ನೆರಡು ಟೈಪ್‌ರೈಟರುಗಳು. ಹನ್ನೆರಡೂ ಒಟ್ಟಿಗೆ ಶುರುವಾದರೆ ಒಳಗೆ ಅವರ ಹೆಂಡತಿ ಕುಕ್ಕರಿನ ಸೀಟಿ ಕೇಳಿಸದೆ ಅನ್ನ ಸೀಯಿಸುತ್ತಿದ್ದರು.

ಪುಣೆಯಲ್ಲಿ ಸರ್ ಅವರ ಮೈದುನನ ಆಫೀಸಿನವರು ಹೊಸ ಕಂಪ್ಯೂಟರು ತರಿಸಿದಾಗ, ಹಳೆಯದೊಂದನ್ನು ಸರ್ ಕೊಂಡರು. ಅದು ಹತ್ತಿ ತುಂಬಿದ ಮೂರು ಪೆಟ್ಟಿಗೆಗಳಲ್ಲಿ ರೈಲಿನಲ್ಲಿ ಬಂತು. ಪಡಸಾಲೆಯ ಪಕ್ಕದ ಕೋಣೆಗೆ ಸುಣ್ಣ ಹೊಡೆಸಿ, ಪರದೆ ಹಾಕಿ, ಬಾಗಿಲ ಮೇಲೆ "ಖಾನಾಪುರದಲ್ಲಿ ಪ್ರಥಮ" ಎಂದು ಮೂರು ಭಾಷೆಗಳಲ್ಲಿ ಬೋರ್ಡು ಬರೆಸಿದರು. ಒಳಗೆ ಹೋಗುವವರು ಚಪ್ಪಲಿ ಬಿಡಬೇಕು, ಕಾಲು ತೊಳೆಯಬೇಕು. ನಿವೃತ್ತಿಯ ದಿನ ಸರ್‌ಗೆ ಹೊದಿಸಿದ್ದ ಶಾಲನ್ನು ಸಂಜೆಯ ಹೊತ್ತಿಗೆ ಕಂಪ್ಯೂಟರಿಗೆ ಹೊದಿಸಿ ಮನೆಗೆ ಹೋಗುವುದು ನನ್ನ ಕೆಲಸ. ಹನ್ನೊಂದು ಮಂದಿ ಹುಡುಗ ಹುಡುಗಿಯರು ಸೇರಿದರು. ಹಂಚಿನ ಫ್ಯಾಕ್ಟರಿಯ ಗುಮಾಸ್ತರ ಮಕ್ಕಳು, ಸುತ್ತಲ ಹಳ್ಳಿಗಳಿಂದ ಸೈಕಲ್ ತುಳಿದು ಬರುವವರು, ಕುರಿ ಕಾಯುವ ಮನೆತನದಿಂದ ಬಂದು ಶಾಲೆ ಮುಗಿಸಿದ ಒಬ್ಬ ಹುಡುಗಿ. ಸರ್ ಮತ್ತು ನಾನು ಅವರಿಗಿಂತ ಒಂದೇ ಪಾಠ ಮುಂದೆ ಇದ್ದೆವು.

ಕಷ್ಟ ಇದ್ದುದು ಕರೆಂಟಿನದು. ಸಾ ಮಿಲ್ಲುಗಳು ಮರ ಕೊಯ್ಯಲು ಶುರು ಮಾಡಿದರೆ ಸಾಕು, ನಮ್ಮ ಓಣಿಯ ಬಲ್ಬುಗಳು ಕೆಂಪಗಾಗಿ ತಂತಿಯಷ್ಟೇ ಕಾಣುತ್ತಿದ್ದವು. ಫ್ಯಾನಿನ ರೆಕ್ಕೆಗಳನ್ನು ಎಣಿಸಬಹುದಾಗಿತ್ತು. ಕಂಪ್ಯೂಟರಂತೂ ಆ ಹೊತ್ತಿನಲ್ಲಿ ಏಳುತ್ತಲೇ ಇರಲಿಲ್ಲ. ಹನ್ನೊಂದು ಮಂದಿ ಕಾಲು ತೊಳೆದು ಬಂದು ಕಪ್ಪು ಪರದೆಯ ಮುಂದೆ ಕೂತು, ಕಾಲು ಒಣಗಿದ ಮೇಲೆ ಎದ್ದು ಹೋಗುತ್ತಿದ್ದರು.

ಒಂದು ದಿನ ಬೆಳಿಗ್ಗೆ ಕಂಪ್ಯೂಟರಿನ ಹಿಂಭಾಗದ ಧೂಳು ಒರೆಸುತ್ತಿದ್ದೆ. ಫ್ಯಾನು ತಿರುಗುವ ಜಾಲರಿಯ ಪಕ್ಕದಲ್ಲಿ ಒಂದು ಸಣ್ಣ ಕೆಂಪು ಗುಂಡಿ ಕಂಡಿತು. ಅದರ ಮೇಲೆ 230 ಎಂದು ಬರೆದಿತ್ತು. ತಲೆಯ ಪಿನ್ನಿನಿಂದ ಸ್ವಲ್ಪ ಸರಿಸಿದೆ. 230 ಹೋಗಿ 115 ಬಂತು. ಒಂದು ಸಲ ಕಂಬ ಹತ್ತಿದ್ದ ಲೈನ್‌ಮನ್ ಮೇಲಿನಿಂದಲೇ "ಇಲ್ಲಿ ನೂರಾ ಐವತ್ತ ಸುದ್ದಾ ಬರವಲ್ದು" ಎಂದು ಕೂಗಿದ್ದು ನೆನಪಿತ್ತು. ನಾನು ಲೆಕ್ಕ ಹಾಕಿದೆ. ನಮಗೆ ಬರುವುದು ನೂರೈವತ್ತು. ಇನ್ನೂರ ಮೂವತ್ತಕ್ಕಿಂತ ನೂರಾ ಹದಿನೈದು ಅದಕ್ಕೆ ಹತ್ತಿರ. ಹಾಗಾದರೆ ಕಂಪ್ಯೂಟರಿಗೆ ಇದೇ ಅನುಕೂಲ. ಗುಂಡಿಯನ್ನು ಹಾಗೆಯೇ ಬಿಟ್ಟೆ.

ಅಂದು ಸಾ ಮಿಲ್ಲು ಶುರುವಾಯಿತು, ಬಲ್ಬು ಕೆಂಪಾಯಿತು, ನಾನು ಕಂಪ್ಯೂಟರು ಹಾಕಿದೆ. ಎದ್ದಿತು! ಹಸಿರು ಅಕ್ಷರಗಳು ಟಕಟಕ ಬಂದವು. ಹುಡುಗರು ಚಪ್ಪಾಳೆ ತಟ್ಟಿದರು. ಸರ್ ಬಾಗಿಲಲ್ಲಿ ನಿಂತು, "ಅಕ್ಕಾರ, ಏನ್ ಮಾಡಿದ್ರಿ?" ಎಂದರು. "ಏನಿಲ್ರಿ ಸರ, ಧೂಳ ಒರಸಿದೆ" ಎಂದೆ. ಒಂದು ತಾಸು ನಾನು ದೊಡ್ಡ ವಿಜ್ಞಾನಿ.

ಮಧ್ಯಾಹ್ನ ಒಂದಕ್ಕೆ ಸಾ ಮಿಲ್ಲಿನವರು ಊಟಕ್ಕೆ ನಿಲ್ಲಿಸಿದರು. ಬಲ್ಬು ಒಮ್ಮೆಲೇ ಬೆಳ್ಳಗಾಯಿತು. ಫ್ಯಾನು ಭರ್ರನೆ ತಿರುಗಿತು. ಆಮೇಲೆ ಕಂಪ್ಯೂಟರಿನ ಹೊಟ್ಟೆಯೊಳಗೆ "ಫಟ್!" ಎಂದಿತು. ಹಿಂದೆಯೇ ಇನ್ನೊಂದು "ಫಟ್!" ತಳ ಹತ್ತಿದ ಹಾಲಿನ ವಾಸನೆಗೆ ರಬ್ಬರ್ ಸೇರಿದಂಥ ನಾತ, ಬಿಳಿ ಹೊಗೆ. ಹನ್ನೊಂದು ಮಂದಿ ಒಂದೇ ಬಾಗಿಲಿನಲ್ಲಿ ಹೊರಗೆ ಓಡಿದರು. ಓಡಿದವರು ಚಪ್ಪಲಿಗಾಗಿ ಮತ್ತೆ ವಾಪಸ್ ಬಂದರು, ಬಂದು ಒಬ್ಬರ ಚಪ್ಪಲಿ ಇನ್ನೊಬ್ಬರು ಮೆಟ್ಟಿಕೊಂಡು ಹೋದರು. ಸರ್ ಅವರ ಹೆಂಡತಿ ಕೊಡ ಹಿಡಿದು ಬಂದರು. ಸರ್ ಹೆಂಡತಿಗೆ ಅಡ್ಡವಾಗಿ ಎರಡೂ ಕೈ ಚಾಚಿ ನಿಂತು, "ಪಾಣೀ ನಕೋ! ನೀರ ಬ್ಯಾಡ! ನೋ ವಾಟರ್!" ಎಂದು ಮೂರೂ ಭಾಷೆಯಲ್ಲಿ ಕೂಗಿದರು. ಆ ಗದ್ದಲದಲ್ಲಿ ನಾನು ಪ್ಲಗ್ ಕಿತ್ತು, ತಲೆಯ ಪಿನ್ನು ತೆಗೆದು, ಗುಂಡಿಯನ್ನು ಮತ್ತೆ 230ಕ್ಕೆ ಸರಿಸಿಬಿಟ್ಟೆ.

"ಕರೆಂಟ್ ಒಮ್ಮಿಗೆಲೆ ಬಂತಲ್ರಿ, ಅದಕ್ಕ ಹಿಂಗಾತು" ಎಂದು ಸರ್ ಅಲ್ಲೇ ತೀರ್ಪು ಕೊಟ್ಟರು. ನಾನು ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡೆ.

ಸರ್ ಜೀವಮಾನವಿಡೀ ಬೇರೆಯವರ ದೂರುಗಳನ್ನು ಬರೆದುಕೊಂಡವರು. ಈಗ ಮೊದಲ ಸಲ ಅವರದೇ ಒಂದು ದೂರು ಹುಟ್ಟಿತ್ತು. ಅಂದೇ ಸಂಜೆ ಕರೆಂಟ್ ಆಫೀಸಿಗೆ ಇಂಗ್ಲಿಷಿನಲ್ಲಿ ಒಂದು ಪತ್ರ ಹೇಳಿ ಬರೆಸಿದರು. ಎರಡು ದಿನ ಬಿಟ್ಟು ಇನ್ನೊಂದು. ಮತ್ತೆರಡು ದಿನ ಬಿಟ್ಟು ಮೂರನೆಯದು, ಅದರ ಪ್ರತಿ ಮೇಲಧಿಕಾರಿಗಳಿಗೆ. ಮೂರನ್ನೂ ಕಾರ್ಬನ್ ಹಾಕಿ ಟೈಪ್ ಮಾಡಿದವಳು ನಾನು. "ತಮ್ಮ ಹಠಾತ್ ಹಾಗೂ ಅಕಾರಣ ವೋಲ್ಟೇಜಿನಿಂದ ಹನ್ನೊಂದು ವಿದ್ಯಾರ್ಥಿಗಳ ಭವಿಷ್ಯ ಕತ್ತಲಾಗಿದೆ" ಎಂಬುದು ಅದರ ಸಾರಾಂಶ. ಅಕಾರಣ ಎಂಬುದಕ್ಕೆ ಅವರು ಬಳಸಿದ ಇಂಗ್ಲಿಷ್ ಶಬ್ದ ಬಂದಾಗಲೆಲ್ಲ ನನ್ನ ಬೆರಳು ತಪ್ಪುತ್ತಿತ್ತು. "ಅಕ್ಕಾರ, ನಿಮಗ ಎಂದೂ ಹಿಂಗ ಆಗೂದಿಲ್ಲಲ್ಲ, ಮೈಯಾಗ ಆರಾಮ ಇಲ್ಲೇನು?" ಎಂದು ಸರ್ ಕೇಳಿದರು.

ಪುಣೆಯ ಮೈದುನನಿಗೆ ಫೋನು ಮಾಡಿದಾಗ ಆತ ಸಮಾಧಾನ ಹೇಳಿದ. ಒಳಗೆ ಪವರ್ ಸಪ್ಲೈ ಎಂಬ ಒಂದು ತಗಡಿನ ಡಬ್ಬಿ ಇರುತ್ತದೆ, ಗೋಡೆಯ ಕರೆಂಟನ್ನು ಪಳಗಿಸಿ ಒಳಗಿನ ಭಾಗಗಳಿಗೆ ಕೊಡುವುದು ಅದರ ಕೆಲಸ, ಹೆಚ್ಚಾಗಿ ಅದೊಂದೇ ಸುಟ್ಟಿರುತ್ತದೆ, ಅದರ ಮೇಲೆ ಬರೆದದ್ದನ್ನೆಲ್ಲ ಬರೆದುಕೊಂಡು ಹೋಗಿ ಅಂಥದೇ ಇನ್ನೊಂದು ತಂದು ಹಾಕಿ ಎಂದ. ಸರ್ ಕಂಪ್ಯೂಟರಿನ ಮುಚ್ಚಳ ತೆಗೆದು, ಡಬ್ಬಿಯನ್ನು ಮುಟ್ಟದೆ, ಕೈ ಹಿಂದೆ ಕಟ್ಟಿಕೊಂಡು ಸುತ್ತಲೂ ಬಗ್ಗಿ ನೋಡಿ, ಎಲ್ಲವನ್ನೂ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಂಡರು.

ಮರುದಿನ ಇಬ್ಬರೂ ಬೆಳಗಾವಿಯ ಪೇಟೆಗೆ ಬಂದೆವು. ಟಿವಿ, ಟೇಪ್‌ರೆಕಾರ್ಡರ್, ಸ್ಟೆಬಿಲೈಸರ್ ಮಾರುವ ಒಂದು ದೊಡ್ಡ ಅಂಗಡಿಯಲ್ಲಿ ಕೇಳಿದಾಗ, ಅದರ ಮಾಲೀಕ ಸರ್ ಅವರ ಕೈಯಿಂದ ಚೀಟಿ ಇಸಿದುಕೊಂಡು, ತಿರುಗಿಸಿ, ಮತ್ತೆ ತಿರುಗಿಸಿ ನೋಡಿದ.

"ಇದೇನ್ರಿ ಇದು, ಹಳೇ ಮರಾಠಿ ಮೋಡಿ ಲಿಪಿ ಏನು? ನಮ್ಮ ಅಜ್ಜನ ಹೊಲದ ಕಾಗದ ಇದ್ದಂಗ ಐತಿ."

"ಶಾರ್ಟ್‌ಹ್ಯಾಂಡ್ ರೀ. ನಾ ಓದ್ತೀನಿ, ಕೊಡ್ರಿ ಇಲ್ಲಿ" ಎಂದು ಸರ್ ಕನ್ನಡಕ ಏರಿಸಿ ಓದಿದರು. "ನೂರಾ ಐವತ್ತು ವಾಟ್. ಸ್ವಿಚ್ಚು ಬಲಕ್ಕ."

"ನನ್ನ ಕಡೆ ಎರಡ ಅದಾವ್ರಿ. ಇದು ನೂರಾ ಐವತ್ತು. ಇದು ಇನ್ನೂರು. ಇನ್ನೂರಿಂದ ತಗೋರಿ, ಕಂಪ್ಯೂಟರ್ ಜೋರ ಓಡತೈತಿ."

ಸರ್ ಗಾಬರಿಯಾದರು. "ಜೋರ ಓಡೂದ ಬ್ಯಾಡ್ರಿ. ಹುಡುಗ್ರು ಈಗ ಕಲ್ಯಾಕ ಹತ್ಯಾರ, ಅವರ ಕೈಗೆ ಸಿಗಬೇಕಲ್ಲ."

ಹೀಗೆ ನೂರೈವತ್ತರದು ಆಯ್ಕೆಯಾಯಿತು. ಹೊಸ ಡಬ್ಬಿಯನ್ನು ಮಡಿಲಲ್ಲಿಟ್ಟುಕೊಂಡು ಖಾನಾಪುರಕ್ಕೆ ಬಂದೆವು. ಹೊಲಿಗೆ ಯಂತ್ರದ ಸ್ಕ್ರೂಡ್ರೈವರಿನಿಂದ ಹಳೆಯದನ್ನು ಬಿಚ್ಚಿದೆವು. ಹೊಸದನ್ನು ಇಡಲು ಹೋದರೆ ಅದರ ಸ್ವಿಚ್ಚು ಎಡಕ್ಕೆ, ಕಂಪ್ಯೂಟರಿನ ಪೆಟ್ಟಿಗೆಯಲ್ಲಿ ಸ್ವಿಚ್ಚಿಗೆಂದು ಕೊರೆದ ಕಿಂಡಿ ಬಲಕ್ಕೆ.

"ನೀವ ಬಲಕ್ಕ ಅಂತ ಓದಿದ್ರಲ್ರಿ ಸರ?"

ಸರ್ ಚೀಟಿ ನೋಡಿದರು, ಡಬ್ಬಿ ನೋಡಿದರು, ಎದ್ದು ಕಂಪ್ಯೂಟರಿನ ಹಿಂದೆ ಹೋಗಿ ನೋಡಿದರು, ಮುಂದೆ ಬಂದು ನೋಡಿದರು. ಬರೆದುಕೊಳ್ಳುವಾಗ ಅವರು ಮುಂದೆ ನಿಂತಿದ್ದರು. ಅಂಗಡಿಯಲ್ಲಿ ಡಬ್ಬಿಯನ್ನು ಹಿಂದಿನಿಂದ ನೋಡಿದ್ದರು. ನಲವತ್ತು ವರ್ಷ ಯಾವ ನ್ಯಾಯಾಧೀಶರ ಮಾತನ್ನೂ ತಪ್ಪು ಬರೆದುಕೊಳ್ಳದ ಮನುಷ್ಯ, ತಮ್ಮ ಬಲಗೈ ಯಾವುದೆಂದು ಒಮ್ಮೆ ಎತ್ತಿ ಖಾತ್ರಿ ಮಾಡಿಕೊಂಡರು.

"ಚಿಂತಿಲ್ಲ ಅಕ್ಕಾರ. ತಗಡ ಕೊರಿಯೂ ಪತ್ರಾಸಿನವರನ್ನ ಕರಸೂಣು. ಎಡಕ್ಕ ಒಂದ ಕಿಂಡಿ ಕೊರದ್ರ ಮುಗೀತು."

"ಬ್ಯಾಡ್ರಿ ಸರ!" ನನ್ನ ದನಿ ನನಗೇ ಜೋರೆನಿಸಿತು. ಈಗಾಗಲೇ ಒಂದು ಕೊಲೆ ನನ್ನ ತಲೆಯ ಮೇಲಿತ್ತು. "ವಾಪಸ್ ಕೊಟ್ಟ ಬರೂಣು. ಈ ಸಲ ಹಳೇ ಡಬ್ಬೀನ ಒಯ್ಯೂಣು."

ಮಾರನೆಯ ದಿನ ಅಂಗಡಿಯವನು ಮಾರಿದ ಸಾಮಾನು ವಾಪಸ್ ಇಲ್ಲ ಎಂದ. ಸರ್ ಶಾಂತವಾಗಿ ಜೇಬಿನಿಂದ ಪುಸ್ತಕ ತೆಗೆದು, ಅವನು ಹೇಳಿದ್ದನ್ನೆಲ್ಲ ಶಾರ್ಟ್‌ಹ್ಯಾಂಡಿನಲ್ಲಿ ಬರೆದುಕೊಳ್ಳತೊಡಗಿದರು. "ಹೇಳ್ರಿ, ಹೇಳ್ರಿ, ಸಾವಕಾಶ ಹೇಳ್ರಿ." ಅವನು ಆ ಗೀಟುಗಳನ್ನು ನೋಡುತ್ತ ನೋಡುತ್ತ ಮೆತ್ತಗಾದ. ಡಬ್ಬಿ ವಾಪಸ್ ತೆಗೆದುಕೊಂಡ. ನೆಹರು ನಗರದಲ್ಲಿ ಒಬ್ಬ ಎಂಜಿನಿಯರ್ ಇದ್ದಾನೆ, ಕಂಪ್ಯೂಟರ್ ರಿಪೇರಿ ಮಾಡುತ್ತಾನೆ, ಅವನ ಹತ್ತಿರ ನಾಲ್ಕಾರು ನಮೂನೆ ಸಿಗುತ್ತವೆ ಎಂದು ದಾರಿಯನ್ನೂ ಹೇಳಿದ.

ಸುಟ್ಟ ಡಬ್ಬಿಯನ್ನು ಸರ್ ಹಳೆಯ ಧೋತರದ ತುಂಡಿನಲ್ಲಿ ಕಟ್ಟಿ ಹಿಡಿದಿದ್ದರು. ಸಿಟಿ ಬಸ್ಸಿನಲ್ಲಿ ಪಕ್ಕ ಕೂತ ಹೆಂಗಸು ಎರಡು ಸಲ ಮೂಗು ಮುಚ್ಚಿಕೊಂಡು, ಕೊನೆಗೆ ಎದ್ದು ನಿಂತಳು.

ನೆಹರು ನಗರದ ಆ ಮನೆಯ ಪಡಸಾಲೆಯಲ್ಲಿ ಹಣೆಗೆ ವಿಭೂತಿ ಹಚ್ಚಿದ್ದ ಒಬ್ಬ ಹಿರಿಯ ಹೆಂಗಸು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದರು. ಎಂಜಿನಿಯರನ ತಾಯಿ.

"ಮಗಾ ಹುಬ್ಬಳ್ಳಿಗೆ ಹೋಗ್ಯಾನ್ರಿ. ಬರ್ರಿ, ಕುಂದರ್ರಿ. ಏನ್ ಸುಟ್ಕೊಂಡ ಬಂದೀರಿ?"

ಗಂಟು ಬಿಚ್ಚುವ ಮೊದಲೇ ಆಕೆ ಹೀಗೆ ಕೇಳಿದ್ದರಿಂದ ಸರ್ ಬೆರಗಾದರು. "ನಿಮಗ ಹೆಂಗ ಗೊತ್ತಾತ್ರಿ ಅವ್ವಾರ?"

"ಮೂಗಿಲ್ಲೇನ್ರಿ ನನಗ?"

ಮಗ ಊರೂರು ತಿರುಗುವುದರಿಂದ ಗಿರಾಕಿಗಳನ್ನು ನೋಡಿಕೊಳ್ಳುವುದು ಆಕೆಯ ಪಾಲಿಗೆ ಬಂದಿತ್ತು. "ನನಗ ಇಂಗ್ಲೀಷ್ ಓದಾಕ ಬರಂಗಿಲ್ಲ. ಆದ್ರ ಯಾವ ಡಬ್ಬಿ ಒಯ್ದವರು ವಾಪಸ್ ಬಂದ ಬೈತಾರ, ಯಾವುದು ಒಯ್ದವರು ಮತ್ತ ಈ ಕಡೆ ಹಣಿಕಿ ಹಾಕಂಗಿಲ್ಲ ಅನ್ನೂದು ಪಕ್ಕಾ ಗೊತ್ತೈತಿ" ಎನ್ನುತ್ತ ಮಂಚದ ಕೆಳಗಿನಿಂದ ಮೂರು ಡಬ್ಬಿಗಳನ್ನು ಎಳೆದು ಮಂಚದ ಮೇಲೆ ಸಾಲಾಗಿ ಇಟ್ಟರು.

ಮೊದಲನೆಯದಕ್ಕೆ ಬಂಗಾರದ ಬಣ್ಣದ ಅಕ್ಷರಗಳ ಸ್ಟಿಕರ್, ಇನ್ನೂರೈವತ್ತು ವಾಟ್. ಎರಡನೆಯದು ಬೋಳು ಡಬ್ಬಿ, ಪುಟ್ಟ ಚೀಟಿಯಲ್ಲಿ ಇನ್ನೂರು ಎಂದಷ್ಟೇ ಬರೆದಿತ್ತು. ಮೂರನೆಯದು ನೂರೈವತ್ತರದು, ನೋಡಲು ಚೆನ್ನಾಗಿತ್ತು. ಸರ್ ಮೂರನೆಯದಕ್ಕೇ ಕೈ ಹಾಕಿದರು.

"ತಡೀರಿ ಮಾಸ್ತರ" ಎಂದು ಆಕೆ ನಮ್ಮ ಸುಟ್ಟ ಡಬ್ಬಿಯ ಮೇಲೆ ಗೇಣು ಹಾಕಿದರು. ಒಂದು ಗೇಣಿಗೆ ಎರಡು ಬೆರಳು ಕಮ್ಮಿ. ಆ ಮೂರನೆಯದರ ಮೇಲೆ ಹಾಕಿದರು. ಒಂದು ಗೇಣಿಗೆ ಒಂದು ಬೆರಳು ಹೆಚ್ಚು. "ಇದು ನಿಮ್ಮ ಪೆಟಿಗ್ಯಾಗ ಕುಂದರಂಗಿಲ್ಲ." ಅದು ವಾಪಸ್ ಮಂಚದ ಕೆಳಗೆ ಹೋಯಿತು. ನಾವು ಎರಡು ದಿನ, ನಾಲ್ಕು ಬಸ್ಸು ಮಾಡಿ ಕಲಿತದ್ದನ್ನು ಆಕೆ ಅರ್ಧ ನಿಮಿಷದಲ್ಲಿ ಮುಗಿಸಿದ್ದರು. ಉಳಿದ ಎರಡರ ಸ್ವಿಚ್ಚನ್ನೂ ಹಳೆಯದರ ಪಕ್ಕ ಒಂದೇ ದಿಕ್ಕಿಗೆ ಇಟ್ಟು ತೋರಿಸಿದರು. ಎರಡೂ ಸರಿಯಿದ್ದವು.

"ಆದ್ರ ಅವ್ವಾರ, ನಮಗ ಬೇಕಾದ್ದು ನೂರಾ ಐವತ್ತು. ಇನ್ನೂರು ಹಾಕಿದ್ರ ಕಂಪ್ಯೂಟರಿಗೆ ಜಾಸ್ತಿ ಆಗಿ ಸುಡಂಗಿಲ್ಲೇನ್ರಿ?"

"ನಿಮ್ಮ ಮನ್ಯಾಗ ಎಷ್ಟು ಮಂದಿ ಅದೀರಿ?"

"ನಾವಿಬ್ಬರ."

"ಹತ್ತ ಮಂದಿ ಅನ್ನಾ ಆಗೂ ಬೋಗೂಣಿ ತಂದ್ರ ಇಬ್ಬರ ಕೂಡಿ ಹತ್ತ ಮಂದೀದ ಉಣ್ತೀರೇನು? ಹಸಿವಾದಷ್ಟ ಉಣ್ತೀರಿ. ಇದೂ ಹಂಗ. ಅದಕ್ಕ ಬೇಕಾದಷ್ಟ ಅದು ತಗೋತೈತಿ. ಸಣ್ಣ ಬೋಗೂಣಿ ತಂದ್ರ ಅಷ್ಟ ತ್ರಾಸು."

ಸರ್ ತಲೆದೂಗಿದರು. "ಹಂಗಂದ್ರ ಇನ್ನೂರಾ ಐವತ್ತರದ ಕೊಡ್ರಿ. ದೊಡ್ಡ ಬೋಗೂಣಿ." ಬಂಗಾರದ ಅಕ್ಷರದ ಮೇಲೆ ಅವರ ಕಣ್ಣು ಬಿದ್ದಿತ್ತು.

ಆಕೆ ಎರಡೂ ಡಬ್ಬಿಗಳನ್ನು ಎತ್ತಿ ಸರ್ ಅವರ ಎರಡು ಕೈಯಲ್ಲಿ ಇಟ್ಟರು. "ಕೈ ಚಾಚ್ರಿ. ಹಾಂ, ಹಂಗ ನಿಂದರ್ರಿ." ಕೋಟು ತೊಟ್ಟ ನಿವೃತ್ತ ಸ್ಟೆನೋಗ್ರಾಫರು ನೆಹರು ನಗರದ ಪಡಸಾಲೆಯಲ್ಲಿ ತಕ್ಕಡಿಯ ಹಾಗೆ ನಿಂತರು. ಆಕೆ ಜೋಳ ಕೇರುತ್ತ ಕೂತರು. ಬೀದಿಯಲ್ಲಿ ಹೋಗುತ್ತಿದ್ದ ಇಬ್ಬರು ಕಂಪೌಂಡಿನಾಚೆ ನಿಂತು ನೋಡಿದರು. ಸ್ವಲ್ಪ ಹೊತ್ತಿಗೆ ಸರ್ ಅವರ ಎಡಗೈ ನಡುಗಿ ಕೆಳಗಿಳಿಯತೊಡಗಿತು. ಅದರಲ್ಲಿದ್ದುದು ಬೋಳು ಡಬ್ಬಿ.

"ಕೈ ಸೋತ ಕಡೀದ ಒಯ್ರಿ. ಒಳಗ ತಾಮ್ರಾ, ಅಲ್ಯುಮಿನಿಯಂ ಇದ್ರ ತೂಕ ಬರತೈತಿ. ಆ ಬಂಗಾರದ್ದರ ಮ್ಯಾಲ ಇನ್ನೂರಾ ಐವತ್ತು ಅಂತ ಬರದಾರ ಖರೇ, ಬರ್ಯಾಕ ಏನ್ ಬೇಕು, ಪೆನ್ನ ಇದ್ರ ಸಾಕು. ಕಳದ ವರ್ಷ ಮಳಿಗಾಲದಾಗ ಇಂಥಾವ ನಾಕು ವಾಪಸ್ ಬಂದ್ವು. ಬರೇ ತೂಕಾ ನೋಡೂದು ತಪ್ಪು ಅಂತ ಮಗಾ ನಗ್ತಾನ, ನಗಲಿ ಬಿಡ್ರಿ. ಈ ಬೋಳು ಡಬ್ಬಿ ಒಂದೂ ವಾಪಸ್ ಬಂದಿಲ್ಲ."

"ಮತ್ತ ಆ ಬಂಗಾರದ್ದನ್ನ ಯಾಕ ಇಟ್ಟೀರಿ?"

"ಕೆಲವರು ಹೇಳಿದ್ರ ಕೇಳಂಗಿಲ್ರೀ ಮಾಸ್ತರ."

ಆಮೇಲೆ ಆಕೆ ನಮ್ಮ ಸುಟ್ಟ ಡಬ್ಬಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಜಾಲರಿಯೊಳಗೆ ಒಂದು ಕಣ್ಣಿನಿಂದ ಇಣುಕಿದರು. ತುಸು ಹೊತ್ತು ನೋಡಿ, ನನ್ನ ಕಡೆ ತಿರುಗಿದರು. ಮತ್ತೆ ಇಣುಕಿದರು. ಮತ್ತೆ ನನ್ನನ್ನು ನೋಡಿದರು. ನಾನು ಜೋಳ ನೋಡತೊಡಗಿದೆ.

"ಮಾಸ್ತರ, ಹೊರಗ ನಾಯಿ ಬಂದಂಗಾತು. ನಿಮ್ಮ ಚಪ್ಪಲಿ ನೋಡ್ಕೋರಿ."

ಸರ್ ಓಡಿದರು. ಆಕೆ ನನ್ನ ಹತ್ತಿರ ಸರಿದು ದನಿ ತಗ್ಗಿಸಿದರು. "ಇದರ ಒಳಗ ಕರೆಂಟ್ ಹಿಡಿದಿಡೂ ಎರಡು ದಪ್ಪನ್ನ ಕೊಳವಿ ಇರತಾವು, ಎರಡೂ ಒಡದಾವು. ಕೆಂಪ ಗುಂಡಿ ಸರಿಸಿದ್ರನ ಹಂಗ ಎರಡೂ ಒಮ್ಮೆ ಒಡೀತಾವು ಅಂತ ಮಗಾ ಹೇಳ್ತಿರ್ತಾನ. ಯಾರವಾ ಸರಿಸಿದವರು?"

ಎಂಟು ದಿನ ಮುಚ್ಚಿಟ್ಟಿದ್ದು ಒಮ್ಮೆಲೇ ಹೊರಬಿತ್ತು. "ನಾನ ರೀ ಅವ್ವಾರ."

"ಯಾಕವಾ?"

"ನಮ್ಮಲ್ಲಿ ಬರೂದ ನೂರಾ ಐವತ್ತು. ಇನ್ನೂರಾ ಮೂವತ್ತಕ್ಕಿಂತ ನೂರಾ ಹದಿನೈದು ಸಮೀಪ ಅಂತ..."

ಆಕೆ ಮೊದಲು ಬಾಯಿಗೆ ಸೆರಗು ಒತ್ತಿಕೊಂಡರು. ಆಮೇಲೆ ಅದೂ ಸಾಲದೆ ಮೊರ ಕೆಳಗಿಟ್ಟು ನಕ್ಕರು. ಕಣ್ಣಲ್ಲಿ ನೀರು ಬರುವಷ್ಟು ನಕ್ಕು, "ಲೆಕ್ಕಾ ಬರೋಬ್ಬರಿ ಐತಿ ಮಗಳ! ಕರೆಂಟ್ ಒಂದ ಹಂಗ ನಿಲ್ಲಲಿಲ್ಲ" ಎಂದರು. ನಾನೂ ನಕ್ಕೆನೋ ಅತ್ತೆನೋ ನೆನಪಿಲ್ಲ, ಎರಡೂ ಇದ್ದಿರಬೇಕು. ಆಕೆ ಗಾಯಕ್ಕೆ ಹಚ್ಚುವ ಅಂಟುಪಟ್ಟಿ ತಂದು ಹೊಸ ಡಬ್ಬಿಯ ಕೆಂಪು ಗುಂಡಿಯ ಮೇಲೆ ಅಡ್ಡಡ್ಡ ಎರಡು ಸಲ ಹಚ್ಚಿದರು. "ಮಾಸ್ತರಿಗೆ ಹೇಳೂದು ಬಿಡೂದು ನಿನಗ ಬಿಟ್ಟಿದ್ದು. ನಾ ಅಂತೂ ಹೇಳಂಗಿಲ್ಲ."

ಸರ್ ಚಪ್ಪಲಿಗಳನ್ನು ಕೈಯಲ್ಲಿ ಹಿಡಿದುಕೊಂಡೇ ಒಳಗೆ ಬಂದರು. "ನಾಯಿ ಎಲ್ಲಿ ಐತ್ರಿ? ಇಡೀ ಓಣಿ ನೋಡಿ ಬಂದೆ."

ಹೊರಡುವ ಮುನ್ನ ಆಕೆ ಡಬ್ಬಿಯಿಂದ ಹೊರಟ ವೈರುಗಳ ಗೊಂಚಲು ಹಿಡಿದು ಕೊನೆಯ ಪಾಠ ಹೇಳಿದರು. "ಈ ಎರಡು ದೊಡ್ಡ ಪಿನ್ನು ದೊಡ್ಡ ಬೋರ್ಡಿಗೆ ಬಾಜುಬಾಜುಕ ಹೋಗತಾವು. ಇದರ ಕರೀ ವೈರು, ಅದರ ಕರೀ ವೈರು ನಡುವ ಒಂದಕ್ಕೊಂದು ತಾಗಿ ಕುಂದರಬೇಕು. ಅದಲಿ ಬದಲಿ ಆತೋ, ಡಬ್ಬಿ ಉಳದ್ರೂ ಕಂಪ್ಯೂಟರ್ ಉಳ್ಯಂಗಿಲ್ಲ." ಸರ್ ಪುಸ್ತಕ ತೆಗೆದರು. ನಾನು "ನನಗ ನೆನಪಿರತೈತ್ರಿ ಸರ" ಎಂದು ಅದನ್ನು ಜೇಬಿಗೆ ವಾಪಸ್ ಹಾಕಿಸಿದೆ.

ಖಾನಾಪುರದ ಬಸ್ಸು ಪೀರನವಾಡಿ ದಾಟುವ ಹೊತ್ತಿಗೆ ನನಗೆ ತಡೆಯಲಾಗಲಿಲ್ಲ. ಹೊರಗಿನ ಹೆಂಗಸೊಬ್ಬರಿಗೆ ಹೇಳಿ, ಅನ್ನ ಕೊಟ್ಟವರಿಗೆ ಮುಚ್ಚಿಡುವುದು ಯಾವ ನ್ಯಾಯ? ಕಿಟಕಿಯ ಕಡೆ ಮುಖ ಮಾಡಿಕೊಂಡೇ ಎಲ್ಲ ಹೇಳಿದೆ. ತಲೆಯ ಪಿನ್ನಿನವರೆಗೆ.

ಸರ್ ಡಬ್ಬಿಯ ಮೇಲಿನ ಅಂಟುಪಟ್ಟಿಯನ್ನೇ ನೋಡುತ್ತ ಕೂತರು. ಬಸ್ಸು ಎರಡು ಕಡೆ ನಿಂತು ಹೊರಟಿತು. ಕೆಲಸ ಹೋಯಿತು ಎಂದುಕೊಂಡೆ. ಅವ್ವನಿಗೆ ಏನು ಹೇಳುವುದೆಂದು ಯೋಚಿಸತೊಡಗಿದೆ.

"ಅಕ್ಕಾರ."

"ರೀ ಸರ."

"ಆ ಮೂರೂ ಪತ್ರ ನೀವ ಟೈಪ್ ಮಾಡಿದ್ರಿ."

"ಹೌದ್ರಿ."

"ಹಠಾತ್ ಹಾಗೂ ಅಕಾರಣ ಅಂತ."

"ಹೌದ್ರಿ ಸರ."

"ಎಲ್ಲಾ ಗೊತ್ತಿದ್ದೂ."

ಅವರು ಡಬ್ಬಿಯನ್ನು ಮಡಿಲಲ್ಲಿ ಸರಿಯಾಗಿ ಇಟ್ಟುಕೊಂಡು, ಎದುರು ಸೀಟಿನ ಬೆನ್ನನ್ನು ನೋಡುತ್ತ ಹೇಳಿದರು. "ನಲವತ್ತ ವರ್ಷ ಕೋರ್ಟಿನ್ಯಾಗ ಕುಂತೀನ್ರಿ. ಸುಳ್ಳ ಹೇಳವರನ್ನ ಬಾಳ ನೋಡೀನಿ. ಆದ್ರ ತನ್ನ ತಪ್ಪಿಗೆ ಇನ್ನೊಬ್ಬರ ಮ್ಯಾಲಿನ ಕೇಸನ್ನ ಸ್ವತಃ ಕಾರ್ಬನ್ ಹಾಕಿ ಟೈಪ್ ಮಾಡಿದವರನ್ನ ಇವತ್ತ ಮೊದಲನೇ ಸಲ ನೋಡಿದೆ." ಆಮೇಲೆ, "ನಾಳಿ ನಾಕನೇ ಪತ್ರ ಬರಿಯೂಣು. ತಪ್ಪು ನಮ್ಮದು ಅಂತ. ತಪ್ಪೊಪ್ಪಿಗಿ ಇಂಗ್ಲಿಷಿನ್ಯಾಗ ಬಾಳ ಛಂದ ಬರತೈತಿ" ಎಂದರು. ಅವರ ಮನಸ್ಸಿನಲ್ಲಿ ಆಗಲೇ ಮೊದಲ ವಾಕ್ಯ ತಯಾರಾಗುತ್ತಿತ್ತು. ತುಟಿಗಳು ಅಲುಗುತ್ತಿದ್ದವು.

ಖಾನಾಪುರದಲ್ಲಿ ಇಳಿದು ಓಣಿಗೆ ಬಂದರೆ ಅಲ್ಲಿ ಜಾತ್ರೆಯಷ್ಟು ಜನ. ನಮ್ಮ ಕಂಬದ ಮೇಲೆ ಇಬ್ಬರು ಲೈನ್‌ಮನ್‌ಗಳು ಹೊಸ ದಪ್ಪ ತಂತಿ ಎಳೆದು ಬಿಗಿಯುತ್ತಿದ್ದರು. ಮೂರು ಪತ್ರಗಳು, ಅದರಲ್ಲೂ ಮೇಲಧಿಕಾರಿಗಳಿಗೆ ಹೋದ ಪ್ರತಿ, ಕೆಲಸ ಮಾಡಿದ್ದವು. ನಮ್ಮ ಓಣಿಯನ್ನು ಸಾ ಮಿಲ್ಲುಗಳ ಲೈನಿನಿಂದ ಬಿಡಿಸಿ ಬೇರೆ ಕಡೆಗೆ ಜೋಡಿಸುತ್ತಿದ್ದರಂತೆ. ಹಿಟ್ಟಿನ ಗಿರಣಿಯವರು ಓಡಿ ಬಂದು ಸರ್ ಅವರ ಎರಡೂ ಕೈ ಹಿಡಿದುಕೊಂಡರು.

"ಸರ, ನಿಮ್ಮಿಂದ ಓಣಿಗೆ ಬೆಳಕ ಬಂತ್ರಿ! ಹತ್ತ ವರ್ಷದಿಂದ ನಾವು ಬಾಯಿಲೆ ಬೈಕೋಂತ ಕುಂತಿದ್ವಿ. ಬರದ ಕೇಳಬೇಕಂತ ಯಾರಿಗೂ ಹೊಳೀಲಿಲ್ಲ ನೋಡ್ರಿ."

ಎದುರು ಮನೆಯ ಅಜ್ಜಿ ತೆಂಗಿನಕಾಯಿ ತಂದು ಕೊಟ್ಟಳು. ಸರ್ ಒಂದು ಕೈಯಲ್ಲಿ ಡಬ್ಬಿ, ಇನ್ನೊಂದು ಕೈಯಲ್ಲಿ ಕಾಯಿ ಹಿಡಿದು, ಆ ದಿನ ಎರಡನೆಯ ಸಲ ತಕ್ಕಡಿಯಂತೆ ನಿಂತಿದ್ದರು. ಮುಖದಲ್ಲಿ ಸಂತೋಷವೂ ಸಂಕಟವೂ ಸರಿಸಮ. ಮೆಲ್ಲಗೆ ನನ್ನ ಕಡೆ ಬಗ್ಗಿದರು.

"ನಾಕನೇ ಪತ್ರ..."

"ರೀ ಸರ?"

"ಧನ್ಯವಾದ ಪತ್ರ ಬರಿಯೂಣು. ತಪ್ಪಿನ ವಿಚಾರ ಅದರಾಗ ಬರೂದ ಬ್ಯಾಡ. ಅಪ್ರಸ್ತುತ ಆಗತೈತಿ."

ಮರುದಿನ ಬೆಳಿಗ್ಗೆ ಹನ್ನೊಂದು ಮಂದಿಯೂ ಬಂದಿದ್ದರು. ಡಬ್ಬಿ ತನ್ನ ಜಾಗದಲ್ಲಿ ಸರಿಯಾಗಿ ಕೂತಿತು, ಸ್ವಿಚ್ಚು ಕಿಂಡಿಗೆ ಹೊಂದಿತು, ನಾಲ್ಕು ಸ್ಕ್ರೂಗಳೂ ತೂತಿಗೆ ತಪ್ಪದೆ ಹೋದವು. ಕರಿ ವೈರಿನ ಪಕ್ಕ ಕರಿ ವೈರು ಇಟ್ಟು ನಾನು ಪಿನ್ನು ಒತ್ತುವಾಗ ಸರ್ ಉಸಿರು ಹಿಡಿದು ನಿಂತಿದ್ದರು. ಅವರ ಹೆಂಡತಿ ಕೊಡ ಹಿಡಿದು ಬಾಗಿಲಾಚೆ ನಿಂತಿದ್ದರು. ಎಷ್ಟು ಹೇಳಿದರೂ ಅವರು ಕೊಡ ಕೆಳಗಿಡಲಿಲ್ಲ.

ಸ್ವಿಚ್ಚು ಹಾಕಿದೆ. ಫ್ಯಾನು ಗಿರಣಿಯ ಹಾಗೆ ಸದ್ದು ಮಾಡಿತು. ಪರದೆಯ ಮೇಲೆ ಹಸಿರು ಗೆರೆ ಮಿಟುಕಿತು. ಆ ಕಾಲದ ಆ ಯಂತ್ರ ಪ್ರತಿ ಸಲ ಎದ್ದ ಕೂಡಲೇ ಇಂದಿನ ತಾರೀಖು ಏನೆಂದು ಕೇಳುತ್ತಿತ್ತು. ಸರ್ ಕೋಟಿನ ತೋಳು ಮೇಲೇರಿಸಿ, ಒಂದೊಂದೇ ಅಂಕಿ ಒತ್ತಿ ತಾರೀಖು ಬರೆದರು. ತಪ್ಪು ತಾರೀಖು ಎಂದಿತು ಯಂತ್ರ. ಮತ್ತೆ ಬರೆದರು. ಮತ್ತೆ ತಪ್ಪು.

"ಎಂಟ ದಿನಾ ಮಲಗಿತ್ತಲ್ರಿ, ಅದಕ್ಕ ಗೊತ್ತಿಲ್ಲ" ಎಂದ ಒಬ್ಬ ಹುಡುಗ.

"ಸರ, ಅದಕ್ಕ ಮೊದಲ ತಿಂಗಳಾ ಬೇಕ್ರಿ, ಆಮ್ಯಾಲ ದಿನಾ" ಎಂದಳು ಹಿಂದೆ ನಿಂತಿದ್ದ ಆ ಕುರಿ ಕಾಯುವ ಮನೆಯ ಹುಡುಗಿ, ಬಹಳ ಮೆಲ್ಲಗೆ. ಆಕೆ ಪುಸ್ತಕ ಓದಿಕೊಂಡು ಬಂದಿದ್ದಳು. 'ಒಂದು ಪಾಠ ಮುಂದೆ' ಎಂಬ ನಮ್ಮ ಸ್ಥಾನ ಅಲ್ಲಿಗೆ ಮುಗಿಯಿತು. ಸರ್ ಹಾಗೆಯೇ ಬರೆದರು, ಯಂತ್ರ ಒಪ್ಪಿಕೊಂಡಿತು.

ಅಂದಿನ ಪಾಠ ಏನು ಎಂದು ನಾನು ಕೇಳಿದೆ. ಸರ್ ಕಂಪ್ಯೂಟರು ಬಂದ್ ಮಾಡಿಸಿದರು. ಆಮೇಲೆ ಇಡೀ ಪೆಟ್ಟಿಗೆಯನ್ನು ನಾವಿಬ್ಬರೂ ಹಿಡಿದು ತಿರುಗಿಸಿ, ಕೆಂಪು ಗುಂಡಿಗೆ ಅಂಟುಪಟ್ಟಿ ಹಚ್ಚಿದ ಅದರ ಬೆನ್ನನ್ನು ಹುಡುಗರ ಕಡೆಗೆ ಮಾಡಿ ಇಟ್ಟೆವು.

"ಅಕ್ಕಾರ, ಇವತ್ತ ನೀವ ಕಲಸ್ರಿ. ಹಿಂದಿನಿಂದ ಶುರು ಮಾಡ್ರಿ" ಎಂದು ಅವರು ಹುಡುಗರ ಸಾಲಿನಲ್ಲಿ ಹೋಗಿ, ಕಾಲು ಮಡಚಿ ಕೂತು, ಪುಸ್ತಕ ತೆಗೆದರು.

ನಾನಿದ್ದ ಮುಂದಿನ ಮೂರು ವರ್ಷವೂ ಆ ಕ್ಲಾಸಿನಲ್ಲಿ ಹೊಸದಾಗಿ ಸೇರಿದವರಿಗೆಲ್ಲ ಮೊದಲ ದಿನ ಕಂಪ್ಯೂಟರಿನ ಮುಖ ತೋರಿಸುತ್ತಿರಲಿಲ್ಲ.